ಹೀನಾಧಿಕ ಮಾನವೂ ಹೆಂಗಸರ ದುಡಿಮೆಯ ಹೊತ್ತೂ

ಅಚೌರ್ಯಾಣುವ್ರತಕ್ಕೆ ಶಾಸ್ತ್ರಕಾರರು ಹೇಳಿರುವ ಐದು ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ ಎಂಬುದು ಒಂದು. ಕೊಡುವಾಗ ಕಿರಿದಾದ ಅಳತೆಯನ್ನೂ ಕೊಳ್ಳುವಾಗ ಹಿರಿದಾದ ಅಳತೆಯನ್ನೂ ಬಳಸುವುದೇ ಆ ದೋಷ. ತಲೆಮಾರುಗಳಿಂದ ವ್ಯಾಪಾರವನ್ನೇ ನೆಚ್ಚಿ ಬಂದ ನಮ್ಮ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾವಣಗೆರೆಯ ಹತ್ತಿ, ಶೇಂಗಾ, ಜೋಳಗಳ ಪೇಟೆಯಲ್ಲಿ ಅಂಗಡಿ ಇಟ್ಟವರ ಮನೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ತಕ್ಕಡಿಯನ್ನು ಕಲಿಯುತ್ತಿದ್ದರು. 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು, ಮುಂದಿನ ಕೆಲವು ವರ್ಷಗಳಲ್ಲಿ ಸೇರು, ಪಾವು, ಮಣಗಳು ಹಿಂದೆ ಸರಿದು ಕಿಲೋ, ಲೀಟರುಗಳು ನೆಲೆಗೊಂಡ ಮೇಲೆ, ತೂಕದ ಕಲ್ಲಿಗೆ ಸರಕಾರದ ಮುದ್ರೆ ಇಲ್ಲದಿದ್ದರೆ ದಂಡ ತೆರಬೇಕಾಯಿತು. ಧರ್ಮವು ಮನಸ್ಸಾಕ್ಷಿಗೆ ಬಿಟ್ಟಿದ್ದುದನ್ನು ರಾಜಶಾಸನವು ಕೈಗೆತ್ತಿಕೊಂಡಿತು ಎನ್ನಬಹುದು.

ಆದರೆ ಕೂಲಿ ಕೊಟ್ಟು ಕೊಂಡ ಹೊತ್ತೂ ಕೊಂಡ ಸರಕೇ. ಅದನ್ನು ಅಳೆಯುವ ಕಲ್ಲಿಗೆ ಮುದ್ರೆ ಹಾಕಿದವರು ಯಾರು? ಅರೆಕಾಲಿಕ ಕೆಲಸದಲ್ಲಿರುವ ಮಹಿಳೆಯರು ಇನ್ನೂ ಹೆಚ್ಚು ಹೊತ್ತು ದುಡಿಯುವಂತೆ ಪ್ರೋತ್ಸಾಹಿಸಬೇಕು, ಅದರಿಂದ ಮನೆಗೂ ನಾಡಿಗೂ ಲಾಭ ಎಂಬ ಮಾತು ಈಚಿನ ವರ್ಷಗಳಲ್ಲಿ ಸರಕಾರದ ಕಡೆಯಿಂದಲೂ ಅರ್ಥಶಾಸ್ತ್ರಜ್ಞರ ಕಡೆಯಿಂದಲೂ ಕೇಳಿಬರುತ್ತಿದೆ. ಮಾತು ತಪ್ಪೆಂದು ಹೇಳುವ ಉದ್ದೇಶ ನನಗಿಲ್ಲ. ಆದರೆ ‘ಹೆಚ್ಚು’ ಎನ್ನಬೇಕಾದರೆ ಈಗ ಎಷ್ಟು ಎಂಬುದು ಮೊದಲು ಗೊತ್ತಿರಬೇಕಷ್ಟೆ. ದಾವಣಗೆರೆ ಮತ್ತು ಹರಿಹರಗಳ ಚರಿತ್ರೆಯನ್ನು ಈ ಒಂದು ಪ್ರಶ್ನೆಯನ್ನು ಹಿಡಿದು ನೋಡಿದರೆ ನಮ್ಮ ಕುಟುಂಬಗಳೂ ಬಸದಿಗಳ ಆಡಳಿತ ಮಂಡಲಿಗಳೂ ಯೋಚಿಸಬೇಕಾದ ಕೆಲವು ಸಂಗತಿಗಳು ಕಾಣುತ್ತವೆ.

ಹೆಂಗಸಿನ ದುಡಿಮೆ ಎಂದರೆ ಅರ್ಧ ದುಡಿಮೆ ಎಂಬ ಭಾವನೆ ಬಹಳ ಹಳೆಯದೇನಲ್ಲ. ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಬಂದಳಿಕೆಯ ಶಾಸನವನ್ನು ನಮ್ಮವರು ಅನೇಕರು ಬಲ್ಲರು. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಆ ಅಧಿಕಾರವನ್ನು ಅವನ ಪತ್ನಿ ಜಕ್ಕಿಯಬ್ಬೆಗೆ ಕೊಡಲಾಯಿತು. ಆಕೆ ಜಿನಭಕ್ತೆ, ನಾಡನ್ನು ಆಳಿ, ಕಡೆಗೆ ರೋಗಪೀಡಿತಳಾದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ತೀರ್ಥದಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದಳು. ಗಂಡ ಮಾಡುತ್ತಿದ್ದ ಕೆಲಸದ ಅರ್ಧವನ್ನು ಆಕೆಗೆ ಕೊಟ್ಟರೆಂದು ಶಾಸನ ಹೇಳುವುದಿಲ್ಲ. ಲಕ್ಕುಂಡಿಯ ಅತ್ತಿಮಬ್ಬೆಯ ವಿಷಯ ಇನ್ನೂ ಪ್ರಸಿದ್ಧ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ಮಹಾತಾಯಿ, ಓಲೆ ಹದಮಾಡುವವರಿಂದ ಹಿಡಿದು ಲಿಪಿಕಾರರ ತನಕ ಎಷ್ಟೊಂದು ಜನರ ಹೊತ್ತನ್ನು ಲೆಕ್ಕವಿಟ್ಟು ನಡೆಸಿರಬೇಕು! ದಾನಚಿಂತಾಮಣಿ ಎಂಬ ಬಿರುದಿನ ಹಿಂದೆ ಒಬ್ಬ ಸಮರ್ಥ ವ್ಯವಸ್ಥಾಪಕಿಯೂ ಇದ್ದಳೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ಇವರೆಲ್ಲ ಉಳ್ಳವರ ಮನೆಯವರು, ಇವರ ಉದಾಹರಣೆಯಿಂದ ಕೂಲಿಯ ಹೆಂಗಸಿನ ವಿಚಾರ ತೀರ್ಮಾನವಾಗುವುದಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ಒಪ್ಪತಕ್ಕ ಮಾತೇ. ಆದ್ದರಿಂದ ಗಿರಣಿಗಳ ಕಾಲಕ್ಕೆ ಬರೋಣ.

ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂದುದು ಹತ್ತಿ ಗಿರಣಿಗಳಿಂದ. ಗಿರಣಿಗಳಿಗೂ ಮೊದಲು ಇಲ್ಲಿ ಹತ್ತಿಯ ಬೀಜ ಬೇರ್ಪಡಿಸುವ ಜಿನ್ನುಗಳೂ ಅಂಡಿಗೆ ಕಟ್ಟುವ ಪ್ರೆಸ್ಸುಗಳೂ ಇದ್ದವು. ಜಿನ್ನು ಸುಗ್ಗಿಯ ಕೆಲಸ. ಹತ್ತಿ ಬಂದ ತಿಂಗಳುಗಳಲ್ಲಿ ಹಗಲಿಡೀ ದುಡಿಮೆ, ಉಳಿದ ತಿಂಗಳುಗಳಲ್ಲಿ ಏನೂ ಇಲ್ಲ. ಬ್ರಿಟಿಷ್ ಇಂಡಿಯಾದ 1934ರ ಕಾರ್ಖಾನೆ ಕಾಯಿದೆಯಲ್ಲಿಯೂ ವರ್ಷವಿಡೀ ನಡೆಯುವ ಕಾರ್ಖಾನೆಗೆ ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಐವತ್ತನಾಲ್ಕು ಗಂಟೆ ಎಂದೂ, ಸುಗ್ಗಿಯ ಕಾರ್ಖಾನೆಯಲ್ಲಿ ಗಂಡಸರಿಗೆ ಮಾತ್ರ ದಿನಕ್ಕೆ ಹನ್ನೊಂದು, ಎಲ್ಲರಿಗೂ ವಾರಕ್ಕೆ ಅರವತ್ತು ಎಂದೂ ಬೇರೆ ಬೇರೆ ಮಿತಿ ಇತ್ತು. ಹೆಂಗಸರು ಬಹುಪಾಲು ಕೆಲಸ ಮಾಡುತ್ತಿದ್ದುದು ಈ ಎರಡನೆಯ ಬಗೆಯ ಕಡೆಯಲ್ಲಿ. ವರ್ಷದ ಲೆಕ್ಕದಲ್ಲಿ ಅವರು ಅರೆಕಾಲಿಕರು. ವಾರದ ಲೆಕ್ಕದಲ್ಲಿ ಗಿರಣಿಯ ಗಂಡಸಿಗಿಂತ ಆರು ಗಂಟೆ ಹೆಚ್ಚು.

ಕಾಯಿದೆಗಳ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. 1881ರ ಮೊದಲ ಕಾರ್ಖಾನೆ ಕಾಯಿದೆ ಮಕ್ಕಳ ದುಡಿಮೆಯನ್ನು ಮಾತ್ರ ಕುರಿತದ್ದು. 1891ರ ಕಾಯಿದೆಯು ಮೊದಲ ಬಾರಿಗೆ ಹೆಂಗಸರ ದುಡಿಮೆಗೆ ದಿನಕ್ಕೆ ಹನ್ನೊಂದು ಗಂಟೆಯ ಮಿತಿಯನ್ನೂ ನಡುವೆ ಒಂದೂವರೆ ಗಂಟೆಯ ಬಿಡುವನ್ನೂ ಇಟ್ಟಿತು. 1922ರಲ್ಲಿ ವಯಸ್ಕರಿಗೆಲ್ಲ ವಾರಕ್ಕೆ ಅರವತ್ತು ಗಂಟೆ ಎಂದಾಯಿತು. ಸ್ವಾತಂತ್ರ್ಯಾನಂತರದ 1948ರ ಕಾಯಿದೆಯಲ್ಲಿ ವಾರಕ್ಕೆ ನಲವತ್ತೆಂಟು ಗಂಟೆಯ ಮಿತಿ. ಜೊತೆಗೆ ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಹೆಂಗಸರನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂಬ ನಿಷೇಧ. ದಾವಣಗೆರೆ, ಹರಿಹರಗಳು ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದುದರಿಂದ 1948ಕ್ಕೆ ಮೊದಲಿನ ಬ್ರಿಟಿಷ್ ಕಾಯಿದೆಗಳು ಇಲ್ಲಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ಆದರೆ ಸಂಸ್ಥಾನದ ಕಾರ್ಖಾನೆ ಶಾಸನಗಳೂ ಬಹುಮಟ್ಟಿಗೆ ಅದೇ ಜಾಡಿನಲ್ಲಿ ಸಾಗಿದವು.

ಈ ಕಾಯಿದೆಗಳ ಹಿಂದಿದ್ದ ಕರುಣೆಯನ್ನು ಅಲ್ಲಗಳೆಯಲಾಗದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ‘ಅತಿಭಾರಾರೋಪಣ’ವೂ ಒಂದಲ್ಲವೇ? ಎತ್ತಿನ ಮೇಲೆ ಅದರ ಶಕ್ತಿಗೆ ಮೀರಿದ ಹೊರೆ ಹೇರಬಾರದೆಂದು ನಾವು ಚಿಕ್ಕಂದಿನಲ್ಲಿ ಕಲಿತ ಪಾಠವನ್ನು ಮನುಷ್ಯರಿಗೆ ಅನ್ವಯಿಸಿದರೆ ದೊರೆಯುವುದು ಇಂಥ ಕಾಯಿದೆಯೇ. ಆದರೆ ಭಾರವನ್ನು ಇಳಿಸಿದ ಮೇಲೆ ಆದದ್ದೇನು ಎಂಬುದು ಚರಿತ್ರೆಯ ಪ್ರಶ್ನೆ. ಮುಂಬಯಿಯ ಗಿರಣಿಗಳಲ್ಲಿ ನೂಲು ಸುತ್ತುವ, ಲಡಿ ಮಾಡುವ ವಿಭಾಗಗಳು ಒಂದು ಕಾಲಕ್ಕೆ ಹೆಂಗಸರಿಂದ ತುಂಬಿದ್ದವು. ರಾತ್ರಿ ಪಾಳಿ ಸೇರಿ ದಿನಕ್ಕೆ ಎರಡು ಮೂರು ಪಾಳಿ ನಡೆಸಬೇಕಾದಾಗ, ರಾತ್ರಿ ಬರಲಾಗದ ಹೆಂಗಸಿಗಿಂತ ಎಲ್ಲ ಪಾಳಿಗೂ ಬರಬಲ್ಲ ಗಂಡಸೇ ಮಾಲೀಕರಿಗೆ ಅನುಕೂಲವಾಗಿ ಕಂಡನು. 1929ರಲ್ಲಿ ಮುಂಬಯಿ ಪ್ರಾಂತದಲ್ಲಿ ಹೆರಿಗೆ ಭತ್ಯೆಯ ಕಾಯಿದೆ ಬಂದಾಗ ಹೆಂಗಸನ್ನು ಇಟ್ಟುಕೊಳ್ಳುವುದು ಖರ್ಚಿನ ಬಾಬು ಎನಿಸಿತು. ಹೊಸ ಯಂತ್ರಗಳು ಬಂದಾಗ ಮೊದಲು ಕಡಿತವಾದದ್ದೂ ಹೆಂಗಸರು ಇದ್ದ ವಿಭಾಗಗಳೇ. ಹೀಗೆ ಕೆಲವೇ ದಶಕಗಳಲ್ಲಿ ಗಿರಣಿ ಎಂದರೆ ಗಂಡಸರ ಜಾಗವಾಯಿತು. ಹೊರೆ ಇಳಿಸುವುದು ಬೇರೆ, ಜೀವನೋಪಾಯವನ್ನೇ ತೆಗೆಯುವುದು ಬೇರೆ. ‘ಅನ್ನಪಾನನಿರೋಧ’ ಎಂಬುದೂ ಅತಿಭಾರಾರೋಪಣದ ಪಕ್ಕದಲ್ಲೇ ಹೇಳಿರುವ ಅತಿಚಾರವೆಂಬುದನ್ನು ಗಮನಿಸಬೇಕು.

ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ತಯಾರಿಸುವ ಕಾರ್ಖಾನೆ. ಅದೂ ಗಂಡಸರ ಕೆಲಸದ ಜಾಗವೇ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಹೆಸರು ಪಡೆದ ಊರು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾರ್ಖಾನೆಯ ಊರೆಂದು ಹೆಸರಾಯಿತು. ನದಿಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆಯೂ ಬಂದಿತು. ಕಾರ್ಖಾನೆಯ ಪಾಳಿಗೆ ತಕ್ಕಂತೆ ಮನೆಯ ಒಲೆ ಹೊತ್ತಿಕೊಳ್ಳುತ್ತಿತ್ತು, ಆರುತ್ತಿತ್ತು. ಪಾಳಿಯ ಬುತ್ತಿ ಕಟ್ಟುವ ಹೊತ್ತು ಯಾವ ಹಾಜರಿ ಪುಸ್ತಕದಲ್ಲೂ ಸೇರಲಿಲ್ಲ. ಉಳಿದ ಹೊತ್ತಿನಲ್ಲಿ ಹೊಲಿಗೆ, ಹಪ್ಪಳ, ಮನೆಪಾಠ. ಬಡವರ ಮನೆಗಳಲ್ಲಿ ಬೀಡಿ. ಬೀಡಿಯ ಉದ್ಯೋಗವನ್ನು ನಮ್ಮ ಧರ್ಮವು ಒಪ್ಪುವುದಿಲ್ಲವಾದರೂ ಅದರ ಅಳತೆಯನ್ನು ಇಲ್ಲಿ ನೆನೆಯಬೇಕು: ಅಲ್ಲಿ ಕೂಲಿ ಗಂಟೆಗಲ್ಲ, ಸಾವಿರ ಬೀಡಿಗೆ. ಎಲೆ ನೆನೆಹಾಕಿ, ಕತ್ತರಿಸಿ, ಸುತ್ತಿ, ಕಟ್ಟಿ ಸಾವಿರ ಮಾಡುವಷ್ಟರಲ್ಲಿ ಎಷ್ಟು ಹೊತ್ತಾಯಿತೆಂದು ಕೇಳುವವರಿಲ್ಲ. ಕಂತ್ರಾಟುದಾರನು ಕಳಪೆಯೆಂದು ತೆಗೆದಿಟ್ಟ ಬೀಡಿಗೆ ಕೂಲಿಯೂ ಇಲ್ಲ. ಇಂಥದಕ್ಕೆಲ್ಲ ಅಂಕುಶ ಹಾಕಲೆಂದೇ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂದು, ಮನೆಯಲ್ಲಿ ಕುಳಿತು ಸುತ್ತುವವಳೂ ಕಾರ್ಮಿಕಳೇ ಎಂದು ಒಪ್ಪಿತು.

ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ದಾವಣಗೆರೆಯ ಹತ್ತಿ ಗಿರಣಿಗಳ ವೈಭವ ಮುಗಿದಿತ್ತು. ಅನಂತರ ಬೇಗನೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಮುಚ್ಚಿತು. 1997ರ ಆಗಸ್ಟ್ 15ರಂದು ಹೊಸ ಜಿಲ್ಲೆಯಾಗಿ ಉದಯಿಸಿದ ದಾವಣಗೆರೆಯು ವಿದ್ಯಾಕೇಂದ್ರವೆಂದೂ ಬೆಣ್ಣೆದೋಸೆ, ಮಂಡಕ್ಕಿಗಳ ಊರೆಂದೂ ಹೆಸರು ಉಳಿಸಿಕೊಂಡಿತು. ಗಂಡಸಿನ ಪೂರ್ಣಾವಧಿ ಸಂಬಳ ನಿಂತ ಮನೆಗಳಲ್ಲಿ ಹೆಂಗಸಿನ ‘ಅರ್ಧ’ ಸಂಪಾದನೆಯೇ ಆಧಾರವಾಗಿರಬೇಕೆಂದು ಊಹಿಸುವುದು ಕಷ್ಟವಲ್ಲ. ಆ ಅರ್ಧ ಸಂಪಾದನೆಯನ್ನು ಕೊಡುವ ಬಹು ದೊಡ್ಡ ಧಣಿ ಯಾರೆಂದರೆ ಸರಕಾರ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅಂಗನವಾಡಿಯ ಕಾರ್ಯಕರ್ತೆಯನ್ನು ಊರಿನ ಸೇವೆಗೆ ಮುಂದೆ ಬಂದ ಗೌರವ ಸೇವಕಿ ಎಂದು ಕಲ್ಪಿಸಲಾಗಿತ್ತು. ಆದ್ದರಿಂದ ಆಕೆಗೆ ಸಂಬಳವಿಲ್ಲ, ‘ಗೌರವಧನ’. ಪದವೇನೋ ಚೆನ್ನಾಗಿದೆ, ಆದರೆ ಗೌರವಧನ ಎಂಬ ಹೆಸರಿನಲ್ಲಿ ಗೌರವ ಎಷ್ಟು, ಧನ ಎಷ್ಟು ಎಂಬುದು ಬೇರೆ ಮಾತು. ಮಕ್ಕಳಿಗೆ ಪಾಠ ಮತ್ತು ಆಹಾರ ಎಂದು ಆರಂಭವಾದ ಕೆಲಸಕ್ಕೆ ತೂಕ ನೋಡುವುದು, ಮನೆಭೇಟಿ, ಗಣತಿ, ಚುನಾವಣೆಯ ಕೆಲಸ ಸೇರಿದವು. 2017ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಮಾತೃಪೂರ್ಣ ಯೋಜನೆ ಜಾರಿಯಾಗಿ, ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟವೂ ಅಂಗನವಾಡಿಯಲ್ಲೇ ಎಂದಾಯಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿಯೇ ನಾಡಿನ ಮೂಲೆ ಮೂಲೆಗಳಿಂದ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿಗೆ ಬಂದು, ಹಗಲು ರಾತ್ರಿ ಬೀದಿಯಲ್ಲಿ ಕುಳಿತು ಗೌರವಧನದ ಏರಿಕೆಗಾಗಿ ಹೋರಾಡಿದ್ದರು. ಕೊನೆಗೆ 2022ರ ಏಪ್ರಿಲ್ 25ರಂದು ಸರ್ವೋಚ್ಚ ನ್ಯಾಯಾಲಯವು ಗುಜರಾತಿನ ಅಂಗನವಾಡಿ ಕಾರ್ಯಕರ್ತೆಯರ ಮೊಕದ್ದಮೆಯಲ್ಲಿ, ಇದು ಅರೆಕಾಲಿಕ ಕೆಲಸವೆಂಬ ವಾದವನ್ನು ತಳ್ಳಿಹಾಕಿ, 1972ರ ಗ್ರ್ಯಾಚ್ಯುಟಿ ಕಾಯಿದೆಯಂತೆ ಅವರಿಗೂ ಸಹಾಯಕಿಯರಿಗೂ ಗ್ರ್ಯಾಚ್ಯುಟಿ ಸಲ್ಲಬೇಕೆಂದು ತೀರ್ಪಿತ್ತಿತು. ಗಮನಿಸಬೇಕಾದದ್ದು ಇದು: ಹೆಚ್ಚು ಹೊತ್ತು ದುಡಿಯಿರಿ ಎಂದು ಅವರಿಗೆ ನ್ಯಾಯಾಲಯವು ಹೇಳಲಿಲ್ಲ. ಅವರು ಆಗಲೇ ದುಡಿದಿದ್ದಾರೆ ಎಂದಿತು.

ಶಾಲೆಯ ಬಿಸಿಯೂಟದ ಕಥೆಯೂ ಇದೇ. 2001ರ ನವೆಂಬರ್ 28ರ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯ ಮೇರೆಗೆ ಸರಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡುವುದು ಕಡ್ಡಾಯವಾಯಿತು. ಕರ್ನಾಟಕದ ಅಕ್ಷರ ದಾಸೋಹವು 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, 2003ರಲ್ಲಿ ನಮ್ಮ ಜಿಲ್ಲೆಯೂ ಸೇರಿದಂತೆ ಉಳಿದೆಡೆಗೆ ಹಬ್ಬಿತು. 2009ರಲ್ಲಿ ಕೇಂದ್ರ ಸರಕಾರವು ಅಡುಗೆಯವರಿಗೆ ತಿಂಗಳಿಗೆ ಒಂದು ಸಾವಿರ ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು ಎಂದು ಗೊತ್ತುಮಾಡಿತು. ಇಪ್ಪತ್ತೈದು ಮಕ್ಕಳವರೆಗೆ ಒಬ್ಬರು, ನೂರರವರೆಗೆ ಇಬ್ಬರು, ಅದರ ಮೇಲೆ ಪ್ರತಿ ನೂರಕ್ಕೆ ಒಬ್ಬರು ಎಂಬುದು ನಿಯಮ. ರಾಜ್ಯ ಸರಕಾರವು ತನ್ನ ಪಾಲನ್ನು ಆಗಾಗ ಏರಿಸುತ್ತ ಬಂದಿದೆ, ನಿಜ. ಆದರೆ ಇದನ್ನು ದಿನಕ್ಕೆ ನಾಲ್ಕು ಗಂಟೆಯ ಕೆಲಸವೆಂದು ಎಣಿಸುವ ಕ್ರಮ ಮಾತ್ರ ನಡೆದುಬಂದಿದೆ. 2013ರಲ್ಲಿ ಕ್ಷೀರಭಾಗ್ಯ ಬಂದು ಬೆಳಿಗ್ಗೆ ಹಾಲು ಕಾಯಿಸುವ ಕೆಲಸ ಸೇರಿತು. ಅನಂತರ ಮೊಟ್ಟೆ, ಬಾಳೆಹಣ್ಣು, ಚಿಕ್ಕಿಗಳೂ ಬಂದವು. (ಮೊಟ್ಟೆಯ ವಿಷಯದಲ್ಲಿ ನಮ್ಮ ಸಮಾಜ ಎತ್ತಿದ ಧ್ವನಿ ಎಲ್ಲರಿಗೂ ತಿಳಿದದ್ದೇ. ಅದನ್ನು ಬೇಯಿಸಿ, ಸುಲಿದು, ಬಡಿಸಿ, ಪಾತ್ರೆ ತೊಳೆಯುವವಳ ಹೊತ್ತಿನ ವಿಷಯದಲ್ಲಿ ನಾವು ಧ್ವನಿ ಎತ್ತಿದ್ದು ನನಗೆ ನೆನಪಿಲ್ಲ.) ಬೆಳಿಗ್ಗೆ ಹಾಲು ಕಾಯಿಸುವುದರಿಂದ ಹಿಡಿದು ಮಧ್ಯಾಹ್ನದ ಪಾತ್ರೆ ತೊಳೆದು ಅಡುಗೆ ಕೋಣೆಗೆ ಬೀಗ ಹಾಕುವವರೆಗೆ ಎಷ್ಟು ಗಂಟೆಯಾಗುವುದೆಂಬುದನ್ನು ಅಡುಗೆ ಮಾಡಿ ಬಲ್ಲ ಯಾವ ಗೃಹಿಣಿಯೂ ಹೇಳಬಲ್ಲಳು, ನಾಲ್ಕು ಎಂದು ಯಾರೂ ಹೇಳಲಾರರು. 2020ರ ಡಿಸೆಂಬರಿನಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ಉತ್ತರ ಪ್ರದೇಶದ ಒಬ್ಬ ಬಿಸಿಯೂಟದ ಅಡುಗೆಯವಳ ಅರ್ಜಿಯಲ್ಲಿ, ತಿಂಗಳಿಗೆ ಸಾವಿರ ರೂಪಾಯಿ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸಿರುವ ಬಿಟ್ಟಿ ದುಡಿಮೆಗೆ ಸಮಾನವೆಂದು ಹೇಳಿತು. ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವನ್ನು ನಾನು ಕಾಣೆ.

ಇನ್ನು ಹೊತ್ತನ್ನು ನಿಜವಾಗಿಯೇ ಹೆಚ್ಚಿಸಿದ ಒಂದು ಸಂದರ್ಭವನ್ನು ಪರೀಕ್ಷಿಸಬೇಕು. ಅದು ನಮ್ಮ ವಿದ್ಯಾವಂತ ಹೆಣ್ಣುಮಕ್ಕಳಿಗೆ, ಸೊಸೆಯಂದಿರಿಗೆ ಹತ್ತಿರದ ವಿಷಯ. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಹುಕಾಲದಿಂದ ಪಾಠದ ದೊಡ್ಡ ಪಾಲನ್ನು ಅತಿಥಿ ಉಪನ್ಯಾಸಕರು ಹೊತ್ತಿದ್ದಾರೆ. ಅತಿಥಿ ಎಂಬ ಪದಕ್ಕೆ ನಮ್ಮಲ್ಲಿ ಎಂಥ ಪಾವಿತ್ರ್ಯವಿದೆ! ಅತಿಥಿಸಂವಿಭಾಗವು ಶ್ರಾವಕನ ಶಿಕ್ಷಾವ್ರತಗಳಲ್ಲೊಂದು. ಕಾಲೇಜಿನ ಈ ಅತಿಥಿಗಳೋ ವಾರಕ್ಕೆ ಎಂಟು ಹತ್ತು ಗಂಟೆ ಪಾಠ ಮಾಡಿ, ತಿಂಗಳಿಗೆ ಹನ್ನೊಂದರಿಂದ ಹದಿಮೂರು ಸಾವಿರ ರೂಪಾಯಿ ಪಡೆದು, ಸೆಮಿಸ್ಟರ್ ಮುಗಿದೊಡನೆ ಮನೆಗೆ ಹೋಗಬೇಕಾಗಿದ್ದವರು. ದೀರ್ಘ ಹೋರಾಟದ ಬಳಿಕ 2022ರ ಜನವರಿಯಲ್ಲಿ ರಾಜ್ಯ ಸರಕಾರವು ಗೌರವಧನವನ್ನು ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ ಇಪ್ಪತ್ತಾರರಿಂದ ಮೂವತ್ತೆರಡು ಸಾವಿರದವರೆಗೆ ಏರಿಸಿತು. ಅದರೊಂದಿಗೆ ವಾರದ ಪಾಠವನ್ನು ಹದಿನೈದು ಗಂಟೆಗೆ ಏರಿಸಿತು.

ಒಳ್ಳೆಯದೇ ಆಯಿತಲ್ಲ ಎನ್ನಬಹುದು. ಹದಿನೈದು ಗಂಟೆ ಸಿಕ್ಕವರಿಗೆ ಒಳ್ಳೆಯದೇ ಆಯಿತು. ಆದರೆ ಕಾಲೇಜಿನಲ್ಲಿ ಮಾಡಬೇಕಾದ ಪಾಠದ ಒಟ್ಟು ಹೊತ್ತು ಅಷ್ಟೇ ಇತ್ತು. ಹಿಂದೆ ಮೂವತ್ತು ಗಂಟೆಯ ಪಾಠವನ್ನು ಹತ್ತು ಹತ್ತರಂತೆ ಮೂವರು ಹಂಚಿಕೊಂಡಿದ್ದರೆ, ಹೊಸ ಲೆಕ್ಕದಲ್ಲಿ ಅದಕ್ಕೆ ಇಬ್ಬರು ಸಾಕು. ಮೂರನೆಯವರು? ರಾಜ್ಯದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದ ಆ ಹೊತ್ತಿನಲ್ಲಿ ಸಾವಿರಾರು ಮಂದಿ ಈ ಲೆಕ್ಕದಿಂದ ಹೊರಗುಳಿದರು. ಒಬ್ಬರ ಹೊತ್ತು ಹೆಚ್ಚಿಸುವುದಕ್ಕಾಗಿ ಇನ್ನೊಬ್ಬರ ವೃತ್ತಿಚ್ಛೇದವಾಗುವುದಾದರೆ ಅದನ್ನು ಪ್ರೋತ್ಸಾಹವೆಂದು ಕರೆಯುವುದು ಹೇಗೆ? ವೇತನ ಏರಿಸಿದ್ದು ತಪ್ಪೆಂದು ನಾನು ಹೇಳಲಾರೆ, ಹಳೆಯ ವೇತನವೇ ಅನ್ಯಾಯವಾಗಿತ್ತು. ಕೆಲಸದ ಒಟ್ಟು ಮೊತ್ತವನ್ನು ಬೆಳೆಸದೆ, ಖಾಲಿ ಹುದ್ದೆಗಳನ್ನು ತುಂಬದೆ ಗಂಟೆಯನ್ನು ಮಾತ್ರ ಏರಿಸಿದರೆ ಹೀಗಾಗುತ್ತದೆ ಎಂಬುದಷ್ಟೇ ನನ್ನ ಅಭಿಪ್ರಾಯ. ಪಾಠದ ಗಂಟೆ ಎಂದರೆ ತರಗತಿಯ ಗಂಟೆ ಮಾತ್ರ ಎಂಬುದನ್ನೂ ಇಲ್ಲಿ ಸೇರಿಸಬೇಕು. ಸಿದ್ಧತೆ, ಪರೀಕ್ಷೆಯ ಕಾವಲು, ಉತ್ತರಪತ್ರಿಕೆಗಳ ಹೊರೆ ಆ ಹದಿನೈದರಲ್ಲಿ ಸೇರುವುದಿಲ್ಲ.

ಹೊರನಾಡುಗಳಲ್ಲಿ ಈ ಪ್ರಶ್ನೆಯನ್ನು ಬೇರೆ ಬೇರೆ ದಿಕ್ಕಿನಿಂದ ಎದುರಿಸಿದ್ದಾರೆ. ಜಪಾನಿನಲ್ಲಿ 1961ರಿಂದ, ಹೆಂಡತಿಯ ಸಂಪಾದನೆ ಒಂದು ಮಿತಿಯೊಳಗಿದ್ದರೆ ಗಂಡನ ತೆರಿಗೆಯಲ್ಲಿ ರಿಯಾಯಿತಿ ದೊರೆಯುತ್ತಿತ್ತು. ಬಹುಕಾಲ ಹತ್ತು ಲಕ್ಷ ಮೂವತ್ತು ಸಾವಿರ ಯೆನ್ ಎಂಬುದು ಒಂದು ಗೋಡೆಯಂತೆ ನಿಂತು, ವರ್ಷದ ಕೊನೆಯ ತಿಂಗಳುಗಳಲ್ಲಿ ಅಂಗಡಿ ಹೋಟೆಲುಗಳ ಹೆಂಗಸರು ಗೋಡೆ ದಾಟದಂತೆ ತಮ್ಮ ಗಂಟೆಗಳನ್ನು ತಾವೇ ಕಡಿಮೆ ಮಾಡಿಕೊಳ್ಳುತ್ತಿದ್ದರು. 2025ರಲ್ಲಿ ತೆರಿಗೆಯ ಮಿತಿಯನ್ನು ಏರಿಸಲಾಯಿತು. ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅರೆಕಾಲಿಕರಾಗಿರುವ ನೆದರ್ಲೆಂಡ್ಸ್ ದೇಶವು 2000ದಲ್ಲಿ, ತನ್ನ ಗಂಟೆಯನ್ನು ಇಳಿಸಿಕೊಡಿ ಎಂದಾಗಲಿ ಏರಿಸಿಕೊಡಿ ಎಂದಾಗಲಿ ಧಣಿಯನ್ನು ಕೇಳುವ ಹಕ್ಕನ್ನು ಕೆಲಸಗಾರರಿಗೆ ಕೊಟ್ಟಿತು. ಜರ್ಮನಿಯು 2019ರಲ್ಲಿ, ಕೆಲವು ವರ್ಷ ಅರೆಕಾಲಿಕಕ್ಕೆ ಇಳಿದವರು ಮತ್ತೆ ಹಳೆಯ ಪೂರ್ಣಾವಧಿಗೆ ಮರಳುವ ಹಕ್ಕನ್ನು ಮಧ್ಯಮ ಮತ್ತು ದೊಡ್ಡ ಸಂಸ್ಥೆಗಳಲ್ಲಿ ಸ್ಥಾಪಿಸಿತು. ಈ ಕಡೆಯ ಎರಡರಲ್ಲಿಯೂ ಕೇಳುವವಳು ದುಡಿಯುವವಳೇ, ಬಲವಂತವಿಲ್ಲ. ನಮ್ಮ ರಾಜ್ಯದ 2023ರ ಕಾರ್ಖಾನೆ ತಿದ್ದುಪಡಿಯು ದಿನದ ದುಡಿಮೆಯನ್ನು ಹನ್ನೆರಡು ಗಂಟೆಯವರೆಗೆ ಒಯ್ಯಲು ಅವಕಾಶ ಕೊಟ್ಟಿತು. ಹೆಂಗಸರ ರಾತ್ರಿ ಪಾಳಿಗೂ ಷರತ್ತುಗಳೊಂದಿಗೆ ಬಾಗಿಲು ತೆರೆಯಿತು. ವಾರದ ಮಿತಿ ನಲವತ್ತೆಂಟೇ ಎಂಬ ಸಮಾಧಾನವಿದ್ದರೂ ಎಳೆಮಗುವಿನ ತಾಯಿಗೆ ವಾರದ ಲೆಕ್ಕಕ್ಕಿಂತ ದಿನದ ಲೆಕ್ಕವೇ ಮುಖ್ಯ.

ನಮ್ಮಲ್ಲಿ ಹೆಂಗಸನ್ನು ತಡೆಯುವ ಗೋಡೆ ತೆರಿಗೆಯದ್ದಲ್ಲ, ಅಡುಗೆಮನೆಯದ್ದು. ಭಾರತ ಸರಕಾರವು 2019ರಲ್ಲಿಯೂ 2024ರಲ್ಲಿಯೂ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆಯನ್ನು ನಡೆಸಿತು. ಮನೆಗೆಲಸದಲ್ಲಿ ತೊಡಗುವ ಹೆಂಗಸರು 2019ರಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು, ಗಂಡಸರು 97 ನಿಮಿಷ. ಐದು ವರ್ಷಗಳ ಬಳಿಕ ಅದು 289 ಮತ್ತು 88 ಆಗಿತ್ತು. ಹೆಂಗಸರ ಹೊತ್ತು ಹತ್ತು ನಿಮಿಷ ಇಳಿದರೆ ಗಂಡಸರದ್ದೂ ಒಂಬತ್ತು ನಿಮಿಷ ಇಳಿಯಿತು. ಇದನ್ನು ಪ್ರಗತಿ ಎನ್ನಬೇಕೋ ಬೇಡವೋ ಓದುಗರೇ ನಿರ್ಣಯಿಸಲಿ. ಸಾಮಾಯಿಕಕ್ಕೆ ನಾವು ಹೇಳುವ ಮುಹೂರ್ತವು ನಲವತ್ತೆಂಟು ನಿಮಿಷ. ಆ ಲೆಕ್ಕದಲ್ಲಿ ಹೆಂಗಸಿನ ದಿನದ ಆರು ಮುಹೂರ್ತಗಳು ಒಲೆ, ಬಟ್ಟೆ, ಪಾತ್ರೆಗಳಿಗೆ ಸಲ್ಲುತ್ತವೆ. ಇದರ ಮೇಲೆ ಕಚೇರಿಯ ಎರಡು ಗಂಟೆಯನ್ನು ಕೂಡಿಸುವುದನ್ನು ಪ್ರೋತ್ಸಾಹ ಎನ್ನುವುದಾದರೆ ಅತಿಭಾರಾರೋಪಣಕ್ಕೆ ಬೇರೆ ಅರ್ಥ ಹುಡುಕಬೇಕಾಗುತ್ತದೆ.

ಜೈನ ಕುಟುಂಬಗಳಲ್ಲಿ ಈ ಗೋಡೆಗೆ ಇನ್ನೊಂದು ಸಾಲು ಇಟ್ಟಿಗೆ ಇದೆ. ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಮನೆಯಲ್ಲಿ ಊಟ ಸೂರ್ಯಾಸ್ತಕ್ಕೆ ಮೊದಲೇ ಮುಗಿಯಬೇಕು. ದಾವಣಗೆರೆಯಲ್ಲಿ ಆಷಾಢದ ದಿನಗಳಲ್ಲಿ ಸೂರ್ಯ ಮುಳುಗುವುದು ಏಳರ ಹೊತ್ತಿಗೆ. ಕಾರ್ತಿಕದಲ್ಲಿ ಆರಕ್ಕೂ ಮೊದಲೇ. ಶಾಲೆಯೋ ಬ್ಯಾಂಕೋ ಆಸ್ಪತ್ರೆಯೋ ಐದೂವರೆಗೆ ಬಿಟ್ಟರೆ, ಹರಿಹರದಿಂದ ಬಸ್ಸು ಹಿಡಿದು ಬರುವ ಸೊಸೆಗೆ ಕಾರ್ತಿಕ ಮಾಸದಲ್ಲಿ ಒಲೆ ಹಚ್ಚಲು ಸಮಯವೆಲ್ಲಿ? ಆದ್ದರಿಂದ ಆಕೆ ಅರ್ಧದಿನದ ಕೆಲಸವನ್ನೇ ಆರಿಸಿಕೊಳ್ಳುತ್ತಾಳೆ. ಜನ ಅದನ್ನು ಆಕೆಯ ಇಚ್ಛೆ ಎನ್ನುತ್ತಾರೆ. ವ್ರತವು ಇಡೀ ಮನೆಯದು. ಅದನ್ನು ಪಾಲಿಸುವುದರ ಬೆಲೆಯನ್ನು ಮಾತ್ರ ಒಬ್ಬಳ ಸಂಬಳದಿಂದ ತೆಗೆಯಲಾಗುತ್ತದೆ. ಮೂರು ಗಂಟೆಗೆ ಅಂಗಡಿಯಿಂದ ಊಟಕ್ಕೆ ಬಂದು ಐದರವರೆಗೆ ಮನೆಯಲ್ಲಿರುವ ಮಾವನವರು ಅನ್ನಕ್ಕೆ ಎಸರು ಇಟ್ಟರೆ ಯಾವ ವ್ರತಕ್ಕೆ ಭಂಗ ಬರುತ್ತದೆಂದು ನನಗೆ ತಿಳಿಯದು. ಶಾಸ್ತ್ರದಲ್ಲಿ ಅದಕ್ಕೆ ನಿಷೇಧವಿಲ್ಲ. ಬಾಲ್ಯದಲ್ಲೇ ವಿಧವೆಯರಾದ ಹೆಣ್ಣುಮಕ್ಕಳನ್ನು ಅಡುಗೆಮನೆಯ ಮೂಲೆಯಿಂದ ಹೊರತಂದು ಪಂಡಿತೆಯರನ್ನಾಗಿ, ಶಿಕ್ಷಕಿಯರನ್ನಾಗಿ ಮಾಡಿದ ಆರಾದ ಬ್ರಹ್ಮಚಾರಿಣಿ ಚಂದಾಬಾಯಿ, ಮುಂಬಯಿಯ ಮಗನಬಾಯಿ, ಸೊಲ್ಲಾಪುರದ ಸುಮತಿಬಾಯಿ ಶಹಾ ಇವರೆಲ್ಲ ಧರ್ಮನಿಷ್ಠರೇ. 1921ರಲ್ಲಿ ಆರಾದಲ್ಲಿ ಜೈನ ಬಾಲಾವಿಶ್ರಾಮ ಸ್ಥಾಪನೆಯಾದಾಗ ಹೆಣ್ಣಿನ ಹೊತ್ತು ಮನೆಯದೆಂಬ ವಾದ ಇಂದಿಗಿಂತ ಬಲವಾಗಿಯೇ ಇತ್ತು.

ಆಡಳಿತ ಮಂಡಲಿಗಳಿಗೆ ಒಂದು ಮಾತು. ಬಸದಿಯ ಅಂಗಳ ಗುಡಿಸುವ, ಅತಿಥಿಗೃಹದಲ್ಲಿ ಅಡುಗೆ ಮಾಡುವ, ಪಾಠಶಾಲೆಯಲ್ಲಿ ಮಕ್ಕಳಿಗೆ ಸ್ತೋತ್ರ ಕಲಿಸುವ ಹೆಂಗಸರು ನಮ್ಮ ಲೆಕ್ಕಪುಸ್ತಕಗಳಲ್ಲಿ ಸಾಮಾನ್ಯವಾಗಿ ‘ಅರ್ಧದಿನ’ ಎಂದೇ ಇರುತ್ತಾರೆ. ಪಂಚಕಲ್ಯಾಣದ, ದಶಲಕ್ಷಣ ಪರ್ವದ ದಿನಗಳಲ್ಲಿ ಅವರು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಗುತ್ತಾರೆಂದು ಕಾರ್ಯದರ್ಶಿಗಳು ಒಂದು ತಿಂಗಳು ಬರೆದಿಟ್ಟು ನೋಡಲಿ. ಹಣದ ಅಡಚಣೆ ನಿಜವಾದದ್ದೇ. ಶ್ವೇತಾಂಬರ ಸಂಘಗಳಲ್ಲಿ ದೇವದ್ರವ್ಯ, ಜ್ಞಾನದ್ರವ್ಯ, ಸಾಧಾರಣ ಎಂದು ಖಾತೆಗಳನ್ನು ಬೇರ್ಪಡಿಸಿ, ದೇವದ್ರವ್ಯವನ್ನು ಮುಟ್ಟದಿರುವ ಕಟ್ಟುಪಾಡು ಇದೆ. ಸಿಬ್ಬಂದಿಯ ಸಂಬಳ ಬರಬೇಕಾದ ಸಾಧಾರಣ ಖಾತೆಯಲ್ಲಿ ಯಾವಾಗಲೂ ಕೊರತೆ. ದಾನಿಗಳು ಶಿಖರಕ್ಕೆ, ಕಲಶಕ್ಕೆ ಕೊಡುವಂತೆ ಅಡುಗೆಯವಳ ಸಂಬಳಕ್ಕೆ ಕೊಡುವುದಿಲ್ಲ. ಅಲ್ಲಿ ಹೆಸರು ಕೆತ್ತಿಸಲು ಕಲ್ಲಿಲ್ಲ. ಆದರೆ ಹಣವಿಲ್ಲವೆಂಬುದು ಕೆಲಸವನ್ನು ಕಡಿಮೆ ಮಾಡಲು ಕಾರಣವಾಗಬಹುದೇ ಹೊರತು ಗಂಟೆಯನ್ನು ಕಡಿಮೆ ಬರೆಯಲು ಕಾರಣವಾಗಲಾರದು. ಕಾನೂನಿನ ಹೊಣೆಯಿಂದ ತಪ್ಪಿಸಿಕೊಳ್ಳಲು ಪೂರ್ಣಾವಧಿಯನ್ನು ಅರೆಕಾಲಿಕವೆಂದು ತೋರಿಸುವುದಾದರೆ, ಅಚೌರ್ಯವ್ರತದ ಪಟ್ಟಿಯಲ್ಲೇ ಇರುವ ‘ವಿರುದ್ಧರಾಜ್ಯಾತಿಕ್ರಮ’ವೂ ಜೊತೆಗೂಡುತ್ತದೆ.

ನಿಜವಾಗಿ ಹೆಚ್ಚು ಹೊತ್ತು ದುಡಿಯಬಯಸುವ ಹೆಂಗಸಿಗೆ ಬೇಕಾದದ್ದು ಉಪದೇಶವಲ್ಲ. ಮಗುವನ್ನು ಬಿಡಲು ಒಂದು ಜಾಗ, ಸಂಜೆಯ ಊಟಕ್ಕೆ ಒಂದು ಏರ್ಪಾಡು. 1976ರ ತಿದ್ದುಪಡಿಯಿಂದ ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಗೂ, 2017ರ ತಿದ್ದುಪಡಿಯಿಂದ ಐವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೂ ಶಿಶುಗೃಹ ಕಡ್ಡಾಯವಾಯಿತು. 2023ರಲ್ಲಿ ರಾಜ್ಯ ಸರಕಾರವು ಘೋಷಿಸಿದ ‘ಕೂಸಿನ ಮನೆ’ ಗ್ರಾಮ ಪಂಚಾಯತಿಗಳಿಗೆ ಸಂಬಂಧಿಸಿದ್ದು. ಸಣ್ಣ ಶಾಲೆ, ಅಂಗಡಿ, ಚಿಕಿತ್ಸಾಲಯಗಳಲ್ಲಿ ದುಡಿಯುವ ನಗರದ ತಾಯಿ ಇವು ಯಾವುದರ ವ್ಯಾಪ್ತಿಗೂ ಬರುವುದಿಲ್ಲ. ಮದುವೆ ಮುಂಜಿಗಳಿಲ್ಲದ ದಿನಗಳಲ್ಲಿ ಬೀಗ ಹಾಕಿರುವ ಸಮುದಾಯ ಭವನಗಳು ಎಷ್ಟೋ ಇವೆ. ಅವುಗಳ ಒಂದು ಕೋಣೆಯಲ್ಲಿ ಶಿಶುಗೃಹ ನಡೆಸಲು ಹೊಸ ಕಟ್ಟಡ ಬೇಡ.

ಊಟದ ಏರ್ಪಾಡಿಗೂ ಮಾದರಿ ಇದೆ. ಮುಂಬಯಿಯ ಪೇಟೆಗಳಲ್ಲಿ ಕೆಲಸದಿಂದ ಮನೆಗೆ ತಲಪುವಷ್ಟರಲ್ಲಿ ಕತ್ತಲಾಗುವವರಿಗಾಗಿ ಚೌವಿಹಾರ ಗೃಹಗಳನ್ನು ನಡೆಸುತ್ತಾರೆ. ಸೂರ್ಯಾಸ್ತಕ್ಕೆ ಮೊದಲು ಅಲ್ಲಿ ಶುದ್ಧ ಭೋಜನ ದೊರೆಯುತ್ತದೆ. ದಾವಣಗೆರೆಯ ಪೇಟೆಯ ಹತ್ತಿರ ಅಂಥದೊಂದು ಗೃಹವನ್ನು, ಕಾರ್ತಿಕದಿಂದ ಮಾಘದವರೆಗಿನ ಸಣ್ಣ ಹಗಲಿನ ತಿಂಗಳುಗಳಿಗಾದರೂ, ದಿಗಂಬರ ಶ್ವೇತಾಂಬರ ಎರಡೂ ಸಮಾಜಗಳು ಕೂಡಿ ನಡೆಸುವುದು ಅಸಾಧ್ಯವಲ್ಲ. ಅಲ್ಲಿ ಅಡುಗೆ ಮಾಡುವವರೂ ಬಹುಶಃ ಹೆಂಗಸರೇ ಆಗಿರುತ್ತಾರೆ. ತರಕಾರಿ ಹೆಚ್ಚುವುದರಿಂದ ಹಿಡಿದು ಪಾತ್ರೆ ತೊಳೆದಿಡುವವರೆಗೆ ಅವರ ಹೊತ್ತನ್ನು ಎಷ್ಟೆಂದು ಬರೆಯಬೇಕೆಂಬುದನ್ನು ಮೊದಲ ದಿನ ಒಲೆ ಹಚ್ಚುವುದಕ್ಕೆ ಮುನ್ನವೇ ನಿಶ್ಚಯಿಸಿಕೊಳ್ಳಬೇಕು.